ಹಾಕಿ ನೋಡದ ಬೂಟು

ವಕೀಲಮ್ಮನ ಮನೆಗೆ ಬಂದವರು ಕೂರಲು ಜಾಗ ಹುಡುಕಬೇಕು. ಒಂದು ಕಡೆ ಮಡಚುವ ಏಣಿ, ಇನ್ನೊಂದು ಕಡೆ ಹನ್ನೊಂದು ಬಗೆಯ ಕೊಡೆ. ಗಡಿ ದಾಟುವ ಸರಕಿಗೆ ಎಷ್ಟು ಸುಂಕ ಅನ್ನುವ ವ್ಯಾಜ್ಯವೇ ಅವಳ ಕಸುಬು. ಯಾವ ಸರಕಾದರೂ ಸರಿ, ಒಂದು ವಾರ ಮನೆಯಲ್ಲಿಟ್ಟು ಬಳಸದೆ ಕೇಸು ಮುಟ್ಟುವವಳಲ್ಲ. "ಸದ್ಯ, ರೈಲ್ವೆ ಇಂಜಿನ್ನಿನ ಕೇಸು ಬಂದಿಲ್ಲ," ಎನ್ನುತ್ತಾರೆ ಯಜಮಾನರು.

ಬಳಸದೆ ಉಳಿದದ್ದು ಒಂದೇ, ಕಪಾಟಿನ ಮೇಲಿನ ಒಂಟಿ ಬೂಟು. ಅದರ ಅಟ್ಟೆ ನಾಲ್ಕು ಬೆರಳು ದಪ್ಪ.

ಅದರ ಕಥೆ ಇಷ್ಟೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಅವಳು ಸುಂಕ ಇಲಾಖೆಯ ಕಿರಿಯ ವಕೀಲೆ. ಒಂದು ಕಾಲು ಗಿಡ್ಡವಿರುವವರಿಗೆಂದು ಪಕ್ಕದ ದೇಶದಿಂದ ಒಬ್ಬಾತ ಇಂಥ ಬೂಟು ಹೊಲಿದು ಕಳಿಸುತ್ತಿದ್ದ. ಅಂಗವಿಕಲರ ಸಾಧನ, ಸುಂಕ ಬೇಡ ಅಂತ ಆತನ ವಾದ. ಇವಳು ಎದ್ದು ನಿಂತು, "ಕಣ್ಣಿಗೆ ಬೂಟಾಗಿ ಕಂಡದ್ದು ಬೂಟೇ," ಎಂದಳು. ಗೆದ್ದಳು. ಆ ಸಾಲು ಕಾನೂನಿನ ಪಠ್ಯಕ್ಕೂ ಸೇರಿತು. ಕೋರ್ಟಿನ ಹೊರಗೆ ಆತ ಬೂಟನ್ನು ಅವಳ ಕೈಗಿಟ್ಟು, "ಒಂದ್ಸಲ ಹಾಕಿ ನೋಡ್ಬೇಕಿತ್ತಮ್ಮ," ಅಂದ, ಅಷ್ಟೆ. ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳು. ಸರಕು ಮನೆಗೆ ತರುವ ಚಾಳಿ ಶುರುವಾದದ್ದು ಅಂದಿನಿಂದ.

ಈಗ ಕುರ್ಚಿಯ ಕೇಸು. ಕತ್ತು ನಿಲ್ಲದ ಮಕ್ಕಳನ್ನು ಕೂರಿಸುವ ಕುರ್ಚಿ, ಇಲ್ಲಿಯದೇ, ನಲವತ್ತು ಜನ ದುಡಿಯುವ ಪುಟ್ಟ ಕಾರ್ಖಾನೆಯದು; ಈ ಸಲ ಅವಳು ಕಾರ್ಖಾನೆಯ ಪರ. ಅದೇ ಪಕ್ಕದ ದೇಶದ ಸುಂಕದವರು ಅದನ್ನು ಸಾದಾ ಪೀಠೋಪಕರಣ ಅಂದುಬಿಟ್ಟಿದ್ದಾರೆ. ಸೋತರೆ ಸುಂಕ ಏರಿ ಕಾರ್ಖಾನೆಗೆ ಬೀಗ. ವಿಚಾರಣೆ ಎರಡೂ ದೇಶಗಳ ಜಂಟಿ ನ್ಯಾಯಪೀಠದ ಮುಂದೆ. ಅದಕ್ಕೆ ಎರಡು ದಿನ ಮುಂಚೆ ಎದುರು ವಕೀಲರ ಕಡತ ಬಂತು. ಮೊದಲ ಪುಟದಲ್ಲೇ ಅವಳ ಮಾತು: ಕಣ್ಣಿಗೆ ಬೂಟಾಗಿ ಕಂಡದ್ದು ಬೂಟೇ.

"ಬೂಟೇ ಬೇರೆ, ಕುರ್ಚಿಯೇ ಬೇರೆ ಅಂತ ಜಾರಿಕೊ," ಎಂದರು ಯಜಮಾನರು. "ಇಷ್ಟು ವರ್ಷದ ಹೆಸರನ್ನ ಯಾಕೆ ಮಣ್ಣುಪಾಲು ಮಾಡ್ಕೋತೀಯ?"

ಜಾರಬಹುದಿತ್ತು, ಆದರೆ ವಾದದಲ್ಲಿ ಜೀವ ಇರುತ್ತಿರಲಿಲ್ಲ. ಅವಳು ಸ್ಟೂಲು ಹತ್ತಿ ಬೂಟು ಇಳಿಸಿ, ಧೂಳು ಒರೆಸಿ, ಕಾಲಿಗೆ ಹಾಕಿಕೊಂಡಳು. ನಡೆದಳು. ಸೊಂಟ ಒಂದು ಕಡೆ ಮೇಲೆದ್ದಿತು. ಅಡುಗೆಮನೆ ಮುಟ್ಟುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಎರಡು ಕಾಲೂ ಸಮ ಇದ್ದವರಿಗೆ ಇದು ಏನಕ್ಕೂ ಬಾರದ್ದು. ಅಯ್ಯೋ, ಇಷ್ಟು ಸಣ್ಣ ವಿಷಯ! ಅವಳಿಗೆ ಬಹಳ ನಾಚಿಕೆಯಾಯಿತು.

ವಿಚಾರಣೆಯಲ್ಲಿ ಬೂಟನ್ನು ಮೇಜಿನ ಮೇಲಿಟ್ಟಳು. "ಆ ಮಾತು ನನ್ನದೇ. ತಪ್ಪು ಮಾತು. ಕಾಲು ಸಮ ಇರೋರು ಯಾರಾದ್ರೂ ಇದನ್ನ ಹಾಕ್ಕೊಂಡು ಬಾಗಿಲ ತನಕ ಹೋಗಿ ಬನ್ನಿ. ಆಮೇಲೆ ಕುರ್ಚಿ ವಿಷಯ ಮಾತಾಡೋಣ."

ಮೂವರು ನ್ಯಾಯಾಧೀಶರಲ್ಲಿ ಹಿರಿಯರು ಬಗ್ಗಿ ತಮ್ಮ ಬೂಟಿನ ದಾರ ಬಿಚ್ಚತೊಡಗಿದರು.

ತಿಂಗಳ ಮೇಲೆ ಕುರ್ಚಿ ಗೆದ್ದಿತು. ತೀರ್ಪಿನ ಪ್ರತಿಯನ್ನೂ ಬೂಟನ್ನೂ ಹಿಡಿದು ಅವಳು ಗಡಿ ದಾಟಿ, ಅದನ್ನು ಹೊಲಿದಾತನನ್ನು ಹುಡುಕಿಕೊಂಡು ಹೋದಳು. ಮುದುಕ ಈಗ ಚೀಲದ ಜಿಪ್ಪು ರಿಪೇರಿ ಮಾಡುತ್ತಿದ್ದ. ನಿಧಾನವಾಗಿ ಓದಿ ಕನ್ನಡಕ ತೆಗೆದ.

"ಹಾಕಿ ನೋಡಿದ್ರಾ?"

"ನೋಡಿದೆ."

"ಎಷ್ಟು ದೂರ ನಡೆದ್ರಿ?"

"ಅಡುಗೆಮನೆ ತನಕ."

"ಆ ಬೂಟಿಗಾಗಿ ಕಾಯ್ತಿದ್ದ ನಿಮ್ಮೂರ ಹುಡುಗಿ ಸ್ಕೂಲಿಗೆ ಎರಡು ಮೈಲಿ ನಡೀಬೇಕಿತ್ತು," ಅಂದ ಮುದುಕ. "ಸುಂಕ ಸೇರಿದ್ಮೇಲೆ ಕೊಳ್ಳೋಕಾಗದೆ ಸ್ಕೂಲು ಬಿಟ್ಟಳಂತೆ."

ಆತ ಸ್ಟೂಲನ್ನು ಅವಳ ಕಡೆ ಸರಿಸಿದ. ವಕೀಲಮ್ಮ ಬೂಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು.