ಕಾಲೋನಿಯೆಲ್ಲ ಕುಂಟಿದ ದಿನ

ಮನುಷ್ಯನ ಘನತೆ ಅವನ ಬೆನ್ನೆಲುಬಿನಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಯವೆಲ್ಲ ಸೂಜಿ ಹಿಡಿದ ನನ್ನ ಅನುಭವದಲ್ಲಿ ಅದು ಅಲ್ಲಿಂದ ಒಂದು ಗೇಣು ಕೆಳಗಿದೆ.

ಮೊನ್ನೆ ನೆಲಮಂಗಲದ ಅಂಗಡಿಯೊಂದರಲ್ಲಿ ಸೀಗೆಪುಡಿಯ ಚೀಲ ಬಿಚ್ಚಿದರು. ಘಾಟು ಮೂಗಿಗೆ ಹತ್ತಿ ಸೀನು ಬಂತು. ಸೀನಿನ ಹಿಂದೆಯೇ ಸೀಗೆ ಅಜ್ಜಿ ನೆನಪಿಗೆ ಬಂದಳು…

ಶಿವಗಂಗೆಯಿಂದಾಚೆ, ಬೆಟ್ಟದ ಬುಡದಲ್ಲಿದ್ದ ಇರುಳಿಗ ಬುಡಕಟ್ಟಿನವರ ಕಾಲೋನಿಯವಳು. ಸೀಗೆಕಾಯಿ ಆಯ್ದು, ಒಣಗಿಸಿ, ಕುಟ್ಟಿ ಸಂತೆಗೆ ತರುತ್ತಿದ್ದಳು. ಅವರ ಕಾಲೋನಿ ದುರ್ಗಮ ಪ್ರದೇಶವೆಂದು ನಮ್ಮ ಇಲಾಖೆ ತೀರ್ಮಾನಿಸಿತ್ತು. ದಾಬಸ್‌ಪೇಟೆ ಹೆದ್ದಾರಿಯ ಲಾರಿಗಳ ಹಾರನ್ ಅಲ್ಲಿಗೆ ಚೆನ್ನಾಗಿಯೇ ಕೇಳುತ್ತಿತ್ತು; ಗೋಡೌನಿಗೆ ಆಳು ತುಂಬಿಕೊಳ್ಳುವ ಟೆಂಪೊ ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿತ್ತು. ದಾರಿ ಸಿಗದೇ ಇದ್ದದ್ದು ನಮಗೆ ಮಾತ್ರ.

ಅಜ್ಜಿಯ ಸೊಸೆಗೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಮೂರನೆಯ ಸಲ ಬಸುರಾದಾಗ ರಕ್ತ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು: ಸಿಫಿಲಿಸ್. ಹಳಬರು ಅದನ್ನು ಪರಂಗಿ ಹುಣ್ಣು, ಅಂದರೆ ಬಿಳಿಯರ ಹುಣ್ಣು, ಎನ್ನುತ್ತಿದ್ದರು. ಈ ಕಾಯಿಲೆಗೆ ಯಾವ ಊರೂ ತನ್ನ ಹೆಸರು ಇಟ್ಟದ್ದಿಲ್ಲ, ಪಕ್ಕದೂರಿನದನ್ನೇ ಇಡುವುದು ಸಂಪ್ರದಾಯ. ನಮ್ಮ ಆಸ್ಪತ್ರೆಯ ಗುಟ್ಟಿಗೆ ಕಾಂಪೌಂಡು ಹಾರುವ ಅಭ್ಯಾಸವಿದ್ದುದರಿಂದ, ವಾರದೊಳಗೆ ಕೆಳಗಿನ ಊರಿನಲ್ಲಿ ಅದು ‘ಕಾಲೋನಿ ರೋಗ’ವಾಯಿತು. ಹೋಟೆಲಿನವನು ಕಾಲೋನಿಯವರಿಗೆ ಗಾಜಿನ ಲೋಟ ನಿಲ್ಲಿಸಿ ಕಾಗದದ ಕಪ್ಪು ಶುರುಮಾಡಿದ.

ಸೊಸೆಗೆ ಇಂಜೆಕ್ಷನ್ ಕೊಟ್ಟೆವು. ಗಂಡನೂ ಚುಚ್ಚಿಸಿಕೊಳ್ಳದಿದ್ದರೆ ಅವಳಿಗೆ ಮತ್ತೆ ತಗಲುತ್ತದೆ, ಈ ಕೂಸೂ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಕಾಲೋನಿಗೇ ಬಂದು ಬಿಡಿಸಿ ಹೇಳಿದರು. ಗಂಡ, ಅಂದರೆ ಅಜ್ಜಿಯ ಮಗ, ಗೋಡೌನಿನಲ್ಲಿ ಮೂಟೆ ಇಳಿಸುವವನು. ಒಪ್ಪಲಿಲ್ಲ.

“ಬಂದಿರೋದು ಅವ್ಳಿಗೆ. ನಾನ್ಯಾಕೆ ಚುಚ್ಚಿಸ್ಕೊಳ್ಲಿ? ಊರೆಲ್ಲ ನನ್ ಕಡೆ ಬೆರಳು ತೋರ್ಸಕ್ಕಾ?”

ಡಾಕ್ಟರಮ್ಮ ವಿಜ್ಞಾನ ಹೇಳಿದರು. ನಾನು ಧರ್ಮ ಹೇಳಿದೆ. ಎರಡೂ ಅವನ ಸೊಂಟದಿಂದ ಕೆಳಗೆ ಇಳಿಯಲಿಲ್ಲ.

ಅಲ್ಲೇ ಸೀಗೆ ಕುಟ್ಟುತ್ತಿದ್ದ ಅಜ್ಜಿ ಒನಕೆ ಕೆಳಗಿಟ್ಟಳು. “ಸ್ವಾಮಿ, ಒಬ್ನಿಗೆ ಚುಚ್ಚಿದ್ರೆ ತಾನೆ ಬೆರಳು ತೋರ್ಸೋದು? ಎಲ್ಲಾರ್ದೂ ರಕ್ತ ನೋಡಿ. ನಂದೂ ನೋಡಿ.”

“ಈ ವಯಸ್ಸಲ್ಲಿ ನಿಂಗ್ಯಾಕಜ್ಜಿ?” ಎಂದೆ.

“ಯಾಕೆ, ನಂಗೆ ರಕ್ತ ಇಲ್ವಾ?”

ಮುಂದಿನ ವಾರ, ಅವಳು ಸೀಗೆ ತುಂಬಿಡುತ್ತಿದ್ದ ಗುಡಿಸಲೇ ನಮ್ಮ ಶಿಬಿರವಾಯಿತು. ಬೆರಳು ಚುಚ್ಚಿ ರಕ್ತ ನೋಡುವುದು, ಬೇಕಾದವರಿಗೆ ಅಲ್ಲೇ ಪೆನಿಸಿಲಿನ್; ಸೊಂಟಕ್ಕೆ ಬಿದ್ದರೆ ಎರಡು ದಿನ ಕುಂಟಿಸುವ ಚುಚ್ಚು. ಹೆಂಗಸರಿಗೆ ಸೀರೆಯ ಮರೆಯಲ್ಲಿ ಡಾಕ್ಟರಮ್ಮ, ಗಂಡಸರಿಗೆ ನಾನು. ಅಜ್ಜಿ ಬಾಗಿಲಲ್ಲಿ ನಿಂತು ಶಾಸನ ಹೊರಡಿಸಿದಳು: “ಚುಚ್ಚಿಸ್ಕೊಂಡೋರೂ ಕುಂಟ್ಬೇಕು, ಚುಚ್ಚಿಸ್ಕೊಳ್ದೋರೂ ಕುಂಟ್ಬೇಕು. ಯಾರಿಗೈತೆ ಯಾರಿಗಿಲ್ಲ ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು!”

ಮೊದಲು ಅವಳೇ ಒಳಗೆ ಬಂದಳು. “ಅಯ್ಯಯ್ಯೋ, ಸತ್ತೇ ಹೋದೆ” ಎಂದು ಸೊಂಟ ಹಿಡಿದು ಹೊರಗೆ ಹೋದಳು. ಅವಳ ರಕ್ತದಲ್ಲಿ ಏನಿತ್ತೆಂದು ನಾನು ಹೇಳುವುದಿಲ್ಲ. ಯಾರದ್ದೂ ಹೇಳುವುದಿಲ್ಲ. ಅವಳ ಹಿಂದೆ ಮುದುಕರು ಬಂದರು, ಮದುವೆಯಾದವರು ಬಂದರು, ಆಗಬೇಕಾದವರು ಬಂದರು. ಸೀಗೆಯ ಘಾಟಿಗೆ ನಾನು ಸೀನುತ್ತಲೇ ಚುಚ್ಚಿದೆ. ಸೀನುವವನ ಕೈಯಲ್ಲಿ ಸೂಜಿಯಿದ್ದರೆ ಘನತೆ ಎಷ್ಟು ಬಿಗಿದುಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕಂಡೆ.

ಮಧ್ಯಾಹ್ನದ ಹೊತ್ತಿಗೆ ಇಡೀ ಕಾಲೋನಿ ಕುಂಟುತ್ತಿತ್ತು. ನಗುತ್ತ, ಒಬ್ಬರನ್ನೊಬ್ಬರು ಅಣಕಿಸುತ್ತ… ಹುಣಸೆಮರದ ಕೆಳಗೆ ಅಜ್ಜಿಯ ಮಗ ಮಾತ್ರ ನೆಟ್ಟಗೆ ನಿಂತಿದ್ದ.

“ಲೇ, ಊರಲ್ಲಿ ನೀನೊಬ್ನೇ ನೆಟ್ಟಗಿರೋದು,” ಎಂದಳು ಅಜ್ಜಿ. “ಈಗ ಹೇಳು, ಬೆರಳು ಯಾರ್ ಕಡೆ ತೋರ್ಸ್ತಾರೆ?”

ಅವನು ಮರ ಬಿಟ್ಟು ಗುಡಿಸಲಿನ ಕಡೆ ಹೊರಟ. ಆಮೇಲೆ ಒಳಗೆ ಬಂದ. ಲುಂಗಿ ಸಡಿಲಿಸಿದ. ಅಷ್ಟು ಮಾತ್ರ ಹೇಳಬಲ್ಲೆ.

ನಮ್ಮ ಜೀಪು ಕೆಳಗಿನ ಊರಿನಲ್ಲಿತ್ತು. ಬೀಳ್ಕೊಡಲು ಅರ್ಧ ಕಾಲೋನಿ ಕುಂಟಿಕೊಂಡು ಬಂತು. ಹೋಟೆಲಿನವನು ಬಾಯಿ ಬಿಟ್ಟು ನೋಡಿದ. “ಏನಜ್ಜೀ ಇದು, ಯಾರಿಗೆ ಬಂದಿರೋದು ಅದು?”

“ಎಲ್ಲಾರ್ಗೂ ಕಣಪ್ಪಾ. ನಿಂಗೂ ಒಂದು ಚುಚ್ಚಿಸ್ಲಾ? ಸ್ವಾಮಿಯೋರು ಇಲ್ಲೇ ಅವ್ರೆ.”

ಪೆಟ್ಟಿಗೆ ಹಿಡಿದಿದ್ದ ನಾನು ಗಂಭೀರವಾಗಿ ಒಂದು ಹೆಜ್ಜೆ ಮುಂದಿಟ್ಟೆ. ಅವನು ಒಂದು ಹೆಜ್ಜೆ ಹಿಂದಿಟ್ಟ. ಅಜ್ಜಿ ಮೇಜಿನ ಮೇಲೆ ಬೋರಲು ಹಾಕಿದ್ದ ಗಾಜಿನ ಲೋಟವನ್ನು ತಾನೇ ಎತ್ತಿ, ಅವನ ಮುಂದೆ ಹಿಡಿದಳು. ಅವನು ಟೀ ಸುರಿದ. ಅವಳು ಅವಸರವಿಲ್ಲದೆ, ಜೋರಾಗಿ ಸೊರ್ ಎಂದು ಕುಡಿದಳು. ಅಷ್ಟು ದೊಡ್ಡ ಸದ್ದಿನ ಟೀಯನ್ನು ನಾನು ಆಮೇಲೆ ಕೇಳಿಲ್ಲ.

ಅಜ್ಜಿ ಹೋಗಿ ಕೆಲವು ವರ್ಷಗಳಾದವು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು… ಕಾಗದದ ಕಪ್ಪು ಈಗ ಎಲ್ಲ ಹೋಟೆಲಿಗೂ, ಎಲ್ಲರಿಗೂ ಬಂದಿದೆ. ಅದಕ್ಕೆ ಸ್ವಚ್ಛತೆ ಎಂದು ಹೆಸರು. ‘ಕಾಲೋನಿ ರೋಗ’ ಎನ್ನುವವರು ಇನ್ನೂ ಇದ್ದಾರೆ. ಅಂಥವರು ಎದುರಾದಾಗ ನಾನು ಈ ವಯಸ್ಸಿನಲ್ಲೂ ನಾಲ್ಕು ಹೆಜ್ಜೆ ಕುಂಟಿ ತೋರಿಸುತ್ತೇನೆ. ಮಂಡಿನೋವು ಎಂದುಕೊಳ್ಳುತ್ತಾರೆ.

ಅಂಗಡಿಯಲ್ಲಿ ಸೀಗೆಪುಡಿ ಕಟ್ಟಿಸಿಕೊಂಡೆ. ನನ್ನ ತಲೆಯಲ್ಲಿ ಕೂದಲಿಲ್ಲ.

ಆ ಮೂರನೆಯ ಕೂಸು ಬದುಕಿತು. ಹೆಣ್ಣು. ಈಗ ಶಾಲೆಗೆ ಹೋಗುತ್ತಿದ್ದಾಳೆ.