ಹುಸೇನಸಾಬ ಕೂಡಿಸಿದ ಐದು ಫೋಟೋ

ನಮ್ಮ ಇಳಕಲ್ಲಿನಲ್ಲಿ ಹುಸೇನಸಾಬನಷ್ಟು ಮೊಂಡ ಇನ್ನೊಬ್ಬನಿಲ್ಲ. ಇದ್ದರೆ ಅದು ನಾನೇ, ಶ್ರೀಶೈಲ. ಹದಿನೆಂಟು ವರ್ಷದಿಂದ ನಮ್ಮಿಬ್ಬರ ಅಂಗಡಿಗೆ ನಡುವಿನದು ಒಂದೇ ಗೋಡೆ. ಅವನದು ಫೋಟೋ ಸ್ಟುಡಿಯೋ, ನನ್ನದು ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ. ಅವನು ಕೆಡಿಸಿದ್ದಕ್ಕೆಲ್ಲ ನಾನು ಗಾಜು ಹಾಕುತ್ತೇನೆ.

ಸ್ಟುಡಿಯೋ ಇಡುವ ಮೊದಲು ಇಪ್ಪತ್ತು ವರ್ಷ ಅವನು ಮಗ್ಗದಲ್ಲಿ ಕೂತವನು. ಇಳಕಲ್ ಸೀರೆಗೆ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಎರಡಕ್ಕೂ ಮೊದಲು ಬಣ್ಣ ಹಾಕಿ ಒಣಗಿಸಿ, ಆಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕೂಡಿಸಿದ ಮೇಲೆ ಬಣ್ಣ ಹಾಕುವ ಮಾತೆತ್ತಿದರೆ ಉಗಿದು ಕಳಿಸುತ್ತಾರೆ. ಹುಸೇನಸಾಬ ಮಗ್ಗ ಮಾರಿ ಕ್ಯಾಮೆರಾ ಕೊಂಡ. ಬುದ್ಧಿ ಮಾತ್ರ ಮಗ್ಗದ ಕೆಳಗಿನ ಕುಣಿಯಲ್ಲೇ ಉಳಿಯಿತು.

ಹೋದ ವರ್ಷ ಕೆರೂರಿನ ಲಗಮವ್ವ ಎಂಬ ಮುದುಕಿ ಅವನನ್ನು ಕರೆಸಿದಳು. ಅವರ ಹೊಲದಲ್ಲಿ ಮನೆದೇವರು ಬೀರಪ್ಪನ ಪೂಜೆ, ಮನೆತನದ ತೊಂಬತ್ತು ಮಂದಿಯದೂ ಒಂದೇ ಫೋಟೋ ಆಗಬೇಕು. ತೊಂಬತ್ತು ಎಂಬುದು ನೆಪ. ಅವಳಿಗೆ ಬೇಕಾದವರು ಇಬ್ಬರೇ, ಮಲಕಪ್ಪ ಮತ್ತು ಬೀರೇಶ, ಒಂದು ಬದುವಿನ ಸಲುವಾಗಿ ಹನ್ನೆರಡು ವರ್ಷದಿಂದ ಮಾತು ಬಿಟ್ಟ ಅವಳ ಗಂಡುಮಕ್ಕಳು. ತಾಯಿ ಅನ್ನ ಬಿಡುತ್ತೇನೆಂದು ಹೆದರಿಸಿದ ಮೇಲೆ ಒಂದು ಸಲ, ಒಂದೇ ಸಲ, ಒಟ್ಟಿಗೆ ನಿಲ್ಲಲು ಒಪ್ಪಿದ್ದರು. ಅದೂ ಸಾಲಿನ ಈ ತುದಿಗೊಬ್ಬ, ಆ ತುದಿಗೊಬ್ಬ.

ಊಟದ ಆಸೆಗೆ ನಾನೂ ಹೋಗಿದ್ದೆ. ಭಂಡಾರ ಎರಚಿ ಎರಚಿ ಗಾಳಿಯೆಲ್ಲ ಅರಿಶಿನ. ಬೀರೇಶ ಬಿಸಿಲಿನಲ್ಲಿ ನಿಂತ, ಮಲಕಪ್ಪ ಬೇವಿನ ಮರದ ದಟ್ಟ ನೆರಳಿನಲ್ಲಿ. ಅಷ್ಟುದ್ದದ ಸಾಲು ಒಂದು ಫೋಟೋದಲ್ಲಿ ಹಿಡಿಯುವುದಿಲ್ಲ. ಹುಸೇನಸಾಬ ಕ್ಯಾಮೆರಾ ತಿರುಗಿಸುತ್ತ ಐದು ಹೊಡೆದ, ಕಂಪ್ಯೂಟರಿನಲ್ಲಿ ಕೂಡಿಸಿ ಒಂದು ಮಾಡಿದರಾಯಿತು ಎಂದ. ಅವನು ತಿರುಗಿದಂತೆ ಒಂದು ಟಗರೂ ಸಾಲಿನ ಮುಂದೆ ಅಡ್ಡಾಡುತ್ತಿತ್ತು.

ಸ್ಟುಡಿಯೋದ ಕಂಪ್ಯೂಟರ್ ಕೆಲಸ ಅವನ ಮಗಳು ನರ್ಗೀಸಳದು. ಸಿಟ್ಟು ಬಂದರೆ ಅವಳು ಮನೆಮಾತು ಬಿಟ್ಟು ಕನ್ನಡಕ್ಕೆ ಇಳಿಯುತ್ತಾಳೆ, ಗೋಡೆಯಾಚೆ ನನಗೂ ಕೇಳಲಿ ಅಂತ.

"ಅಬ್ಬಾ, ಮೊದಲ ಐದೂ ರಾ ಫೈಲ್ ಕೂಡಸ್ರಿ. ಕ್ಯಾಮೆರಾ ಕಂಡಿದ್ದೆಲ್ಲಾ ಅದರಾಗ ಹಸೀನ ಇರ್ತೈತಿ, ಕೂಡಿಸಿದ ಮ್ಯಾಲೂ ಹಸೀನ ಉಳೀತೈತಿ. ಬಣ್ಣ, ಬೆಳಕ ಆಮ್ಯಾಲೆ ಎಲ್ಲಾಕ್ಕೂ ಒಮ್ಮೆ ಮಾಡೂಣು."

"ಹುಚ್ಚಿ ಅದೀ. ಬಣ್ಣ ಹಾಕಲಾರದ ನೂಲ ಯಾರರ ಕೂಡಸ್ತಾರೇನು?"

ಮೂರು ದಿನ ಕೂತು ಒಂದೊಂದು ಫೋಟೋಕ್ಕೂ ಬೇರೆ ಬೇರೆ ಬಣ್ಣ ತಿದ್ದಿದ. ಒಂದರ ಅರಿಶಿನ ತೆಗೆದ, ಇನ್ನೊಂದರಲ್ಲಿ ಹೆಂಗಸರನ್ನು ಬೆಳ್ಳಗೆ ಮಾಡಿದ. ಎಲ್ಲವನ್ನೂ ಜೆಪಿಜಿ ಮಾಡಿ, ಅಂದರೆ ಕಣ್ಣಿಗೆ ಕಾಣದ್ದನ್ನೆಲ್ಲ ಬಿಸಾಕಿ, ಗಟ್ಟಿ ಮಾಡಿಕೊಂಡು ಆಮೇಲೆ ಕೂಡಿಸಿದ. ಯಾರಿಗೂ ತೋರಿಸದೆ ಪ್ರಿಂಟ್ ಹಾಕಿಸಿ ಕಳಿಸಿಯೂ ಬಿಟ್ಟ.

ವಾರದೊಳಗೆ ಲಗಮವ್ವ ಬಸ್ ಹತ್ತಿ ಬಂದಳು. ಹಿಂದೆ ಫೋಟೋದ ಸುರುಳಿ ಹಿಡಿದು ಬೀರೇಶ. ಹುಸೇನಸಾಬನನ್ನೂ ಕರೆಸಿ ನನ್ನ ಮೇಜಿನ ಮೇಲೆ ಬಿಚ್ಚಿದರು. ಅಯ್ಯಯ್ಯ! ಐದು ತೇಪೆ, ಒಂದು ಹಳದಿ, ಒಂದು ನೀಲಿ, ಒಂದು ಸುಣ್ಣ ಬಳಿದ ಹಾಗೆ. ಬೇವಿನ ಮರದ ಕೆಳಗೆ ಹಂಚಿನ ತಳದಂಥ ಕಪ್ಪು, ಅದರೊಳಗೊಂದು ರುಮಾಲು.

"ಏ ಸಾಬಾ, ಒಂದ ಟಗರ ಎರಡ ಕಡೆ ಬಂದೈತಿ, ನನ್ನ ಹಿರೇ ಮಗ ಒಂದ ಕಡೀನೂ ಬಂದಿಲ್ಲ!"

"ಅಂವ ಕಾಣಲಿಲ್ಲಂದ್ರ ಏನ್ ಮುಳುಗ್ತು ಬಿಡಬೇ," ಎಂದ ಬೀರೇಶ.

ಹುಸೇನಸಾಬ ಎಲ್ಲರನ್ನೂ ಸ್ಟುಡಿಯೋಕ್ಕೆ ಕರೆದೊಯ್ದು ಕಂಪ್ಯೂಟರಿನಲ್ಲಿ ಬೆಳಕು ಏರಿಸಿದ. ಕಪ್ಪು ಹೋಗಿ ಬೂದಿಯಾಯಿತು, ಮುಖ ಬರಲಿಲ್ಲ. ಒಳಗೆ ಉಳಿದಿದ್ದರಲ್ಲವೇ ಬರುವುದು!

"ಅವ್ವಾ, ಮತ್ತೊಮ್ಮೆ ನಿಲ್ಲಸ್ರಿ. ಪುಕ್ಕಟ ಹೊಡದ ಕೊಡ್ತೇನಿ."

"ಬೀರಪ್ಪನ ಬಂದ ಹೇಳಿದ್ರೂ ನಿಲ್ಲಂಗಿಲ್ಲ ತಮ್ಮಾ," ಎಂದು ಮುದುಕಿ ಸ್ಟೂಲಿನ ಮೇಲೆ ಕುಸಿದು ಅತ್ತಳು. ನನಗೆ ತಲೆ ಕೆಟ್ಟಿತು.

"ಲೇ ಹುಸೇನ್ಯಾ, ಮಗಳ ಮಾತ ಕೇಳಿದ್ರ ನಿನ್ನ ಗಂಟೇನ ಹೋಗತಿತ್ತಲೇ?"

ಎಂದೂ ಇಲ್ಲದ್ದು, ಅವನು ಕುರ್ಚಿ ಬಿಟ್ಟೆದ್ದು ಮಗಳಿಗೆ, "ನೀ ಕೂಡ್ರವ್ವಾ," ಎಂದ.

ನರ್ಗೀಸ ರಾ ಫೈಲುಗಳನ್ನು ಅಳಿಸಿರಲಿಲ್ಲ. ಐದನ್ನೂ ಹಸಿಯಾಗಿಯೇ ಕೂಡಿಸಿದಳು. ಒಂದು ಉದ್ದನೆಯ, ಮಂಕಾದ, ಅರಿಶಿನದ ಫೋಟೋ ಬಂತು, ತೇಪೆ ಎಲ್ಲಿಯೂ ಇಲ್ಲ. ಆಮೇಲೆ ನೆರಳನ್ನು ಮೆಲ್ಲಗೆ ಎತ್ತತೊಡಗಿದಳು. ಬೇವಿನ ಕೆಳಗೆ ಮೊದಲು ಅಂಗಿ ಬಂತು, ಆಮೇಲೆ ಮೀಸೆ, ಆಮೇಲೆ ಕಣ್ಣು.

ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರು, ಮಲಕಪ್ಪ ನೋಡುತ್ತಿರಲಿಲ್ಲ. ಸಾಲಿನಿಂದ ಕತ್ತು ಹೊರಗೆ ಚಾಚಿ, ಎಲ್ಲರನ್ನೂ ದಾಟಿ, ಆ ತುದಿಯ ತಮ್ಮನನ್ನು ನೋಡುತ್ತಿದ್ದ.

ಲಗಮವ್ವ ಪರದೆಗೆ ಮೂಗು ತಾಗಿಸಿ ನೋಡಿದಳು.

"ಭಾಡ್ಯಾ! ಹನ್ನೆರಡ ವರ್ಷ ಮಾತ ಬಿಟ್ಟಿ, ನೋಡೂದ ಬಿಟ್ಟಿಲ್ಲಲ್ಲೋ!"

ಬೀರೇಶ ತಾಯಿಯ ಪಕ್ಕಕ್ಕೆ ಬಂದು ಪರದೆಗೆ ಬಗ್ಗಿದ. ಎಷ್ಟು ಪ್ರಿಂಟ್ ಹಾಕಿಸಲಿ ಎಂದು ನರ್ಗೀಸ ಎರಡು ಸಲ ಕೇಳಬೇಕಾಯಿತು.

"ಎರಡ ಹಾಕಸ್ರಿ," ಎಂದ. "ಅಣ್ಣಂದು ನನ್ನ ಕೈಯಾಗ ಕೊಡ್ರಿ, ನಾನ ಒಯ್ದ ಕೊಡ್ತೇನಿ."