ಗೋದಾ ಕಾಕು ನೋಡಿಟ್ಟ ಫ್ರಿಜ್

ಗೋದಾ ಕಾಕು ನನ್ನ ಗಂಡ ಕೇದಾರರ ಚಿಕ್ಕಮ್ಮ. ಬೆಳಗಾವಿ ಕಡೆಯವರು, ಮದುವೆಯಾಗಿ ಪುಣೆ ಜಿಲ್ಲೆಯ ಇಂದಾಪುರದ ಹತ್ತಿರದ ಹಳ್ಳಿಗೆ ಬಂದು ಮೂವತ್ತು ವರ್ಷ. ಕಲಿತದ್ದು ನಾಲ್ಕನೆಯ ತರಗತಿ. ಆದರೆ ಯಾವ ಕಾಯಿಲೆಗೆ ಯಾವ ದವಾಖಾನೆ ಎಂದು ಊರಿನ ಅರ್ಧ ಮನೆಗಳು ಅವರನ್ನೇ ಕೇಳುತ್ತವೆ.

ನೆಗಡಿ, ಜ್ವರಕ್ಕೆ ಚೌಕದ ಖಾಸಗಿ ಡಾಕ್ಟರ್. ಕಬ್ಬಿನ ಕೆಲಸ ಮುಗಿಸಿ ಬಂದ ಮೇಲೂ ಅವರ ಬಾಗಿಲು ತೆರೆದಿರುತ್ತದೆ. "ನಮ್ಮ ಮನ್ಯಾಗಿನವ್ರಿಗೆ ಸೂಜಿ ಚುಚ್ಚಿದ್ರನ ಜ್ವರ ಬಿಡತಾವ. ಬರೇ ನೀರ ಚುಚ್ಚಿದ್ರೂ ನಡೀತದ," ಎಂದು ಗಂಡ ಕಾಕಾನ ಎದುರಿಗೇ ನಗುತ್ತಾರೆ. ಮಕ್ಕಳ ಲಸಿಕೆಗೆ ಮಾತ್ರ ಇಂದಾಪುರದ ಸರಕಾರಿ ದವಾಖಾನೆ. ಯಾರದಾದರೂ ಕೂಸನ್ನು ಕರೆದುಕೊಂಡು ಅಲ್ಲಿಗೆ ಹೋದಾಗಲೆಲ್ಲ ಸಿಸ್ಟರ್‌ಗೆ ಹೇಳಿ ಔಷಧದ ಫ್ರಿಜ್ ತೆಗೆಸಿ ನೋಡಿ ಬರುತ್ತಾರೆ. ಬೀಗರ ಅಡಿಗೆಮನೆ ಇಣುಕಿದ ಹಾಗೆ ಎಂದು ನಾನು ನಕ್ಕಿದ್ದೆ.

ದೀಪಾವಳಿ ರಜೆಗೆ ಪುಣೆಯ ಕಾತ್ರಜದಿಂದ ನಾವು ಅಲ್ಲಿಗೆ ಹೋಗಿದ್ದೆವು. ಮಧ್ಯಾಹ್ನ ನಮ್ಮ ಆರು ವರ್ಷದ ಶರ್ವರಿ ಕಬ್ಬಿನ ಬದುವಿನಲ್ಲಿ ಬಿದ್ದ ಚೆಂಡು ತರಲು ಹೋಗಿ ಚೀರಿದಳು. ಹಿಮ್ಮಡಿಯ ಮೇಲೆ ಎರಡು ಚುಕ್ಕೆ. ಕೊಳಕುಮಂಡಲ ಹಾವು ಸರಿದು ಹೋದದ್ದನ್ನು ಕೇದಾರ ಕಂಡರು.

"ಪುಣೆಗೇ ಹೋಗೋಣು," ಎಂದೆ. ಅವಳು ಹುಟ್ಟಿದ ದೊಡ್ಡ ಖಾಸಗಿ ಆಸ್ಪತ್ರೆ ಬಿಟ್ಟು ನನಗೆ ಬೇರೇನೂ ಹೊಳೆಯಲಿಲ್ಲ.

ಕಾಕು ಅಷ್ಟರಲ್ಲಿ ಲಟ್ಟಣಿಗೆಯನ್ನು ಮಗುವಿನ ಕಾಲಿಗೆ ಆನಿಸಿ, ಹಳೆಯ ಸೀರೆಯ ಚೂರಿನಿಂದ ಸಡಿಲಾಗಿ ಸುತ್ತಿದ್ದರು, ಕಾಲು ಅಲುಗದಿರಲೆಂದು. "ಪುಣೆ ದೂರ ಅದ ತಂಗಿ, ಫ್ರಿಜ್ ಹತ್ರ ಅದ. ಮಂಗಳವಾರ ನೋಡೇನಿ, ಹಾವಿನ ಔಷಧ ಹದಿನಾಕ ಬಾಟಲಿ ಅದಾವ. ಕಾರ್ ತಗಿ, ಕೇದಾರ."

ಸರಕಾರಿ ದವಾಖಾನೆಯ ಡಾಕ್ಟರ್ ಶರ್ವರಿಯ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಯಾರೂ ಮುಟ್ಟುವಂತಿಲ್ಲ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ನಾನು ಆ ನಳಿಕೆಯನ್ನೇ ನೋಡುತ್ತ ಕೂತೆ. ಕೊನೆಗೆ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿಯಿತು. ಸಿಸ್ಟರ್ ಫ್ರಿಜ್ ತೆರೆದು ಹತ್ತು ಬಾಟಲಿ ತಂದರು.

ಆರು ತಾಸಿನ ನಂತರ ಮತ್ತೊಮ್ಮೆ ರಕ್ತ, ಮತ್ತೊಂದು ನಳಿಕೆ. ಈ ಸಲ ತಲೆಕೆಳಗು ಮಾಡಿದರೂ ರಕ್ತ ಗಾಜಿಗೆ ಅಂಟಿ ನಿಂತಿತ್ತು. ನನಗೆ ಗೊತ್ತಿಲ್ಲದೆಯೇ ಕೈ ಮುಗಿದೆ. ಯಾರಿಗೆ ಮುಗಿದೆ, ನಳಿಕೆಗೋ, ಡಾಕ್ಟರಿಗೋ, ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ ಕಾಕುಗೋ, ಇಂದಿಗೂ ಗೊತ್ತಿಲ್ಲ.

ಮೂರನೆಯ ದಿನ ಬಿಟ್ಟರು. ಹೊರಡುವ ಮುಂಚೆ ಕಾಕು ಮತ್ತೆ ಫ್ರಿಜ್ ನೋಡಿ ಬಂದರು. ಊರು ಮುಟ್ಟಿದಾಗ ಡೇರಿಯ ಮುಂದೆ ಕಾರು ನಿಲ್ಲಿಸಿ, ಹಾಲು ಹಾಕಲು ನಿಂತಿದ್ದವರಿಗೆ ಮರಾಠಿಯಲ್ಲಿ ಹೇಳಿದರು: "ನಾಲ್ಕೇ ಬಾಟಲಿ ಉಳಿದಿವೆ. ಹೊಸವು ಬರುವುದು ಸೋಮವಾರ. ಅಲ್ಲಿಯತನಕ ಬರಿಗಾಲಲ್ಲಿ ಕಬ್ಬಿಗೆ ಇಳಿಯಬೇಡಿ."

"ಸೋಮವಾರದ ಮೇಲೆ ಕಚ್ಚಿಸಿಕೊಳ್ಳಬಹುದೇನು ಕಾಕು?" ಎಂದ ಒಬ್ಬ.

"ನಿನ್ನನ್ನು ಕಚ್ಚಿದರೆ ಹಾವಿಗೇ ಔಷಧ ಬೇಕಾಗುತ್ತದೆ."

ನನ್ನ ತೊಡೆಯ ಮೇಲಿದ್ದ ಶರ್ವರಿ ಮೂರು ದಿನದಲ್ಲಿ ಮೊದಲ ಸಲ ನಕ್ಕಳು.